ತೊಟ್ಟಿಲು ಇಲ್ಲಿ, ಶಾಲೆ ಅಲ್ಲಿ: ಮಿಷನರಿ ಮನೆಗಳ ಎಳೆಯ ಮಕ್ಕಳು

ಬಾಗಲಕೋಟೆ ದಾಟಿ ಮುಂದೆ ಹೋದರೆ ಕೆಂಪು ಕಲ್ಲಿನ ಗುಡ್ಡಗಳ ನಡುವೆ ಗುಳೇದಗುಡ್ಡ. ಖಣದ ಊರು ಅಂತಲೇ ಅದು ಎಲ್ಲರಿಗೂ ಗೊತ್ತು. 1851ರಲ್ಲಿ ಬಾಸೆಲ್ ಮಿಷನ್ ಅಲ್ಲಿ ತನ್ನ ಕೇಂದ್ರವನ್ನು ತೆರೆಯಿತು. ಕೃಷ್ಣೆ, ಘಟಪ್ರಭೆಗಳ ಈ ಸೀಮೆಗೆ ಹತ್ತಿರದ ಮಿಷನ್ ಮನೆ ಅದೇ ಆಗಿತ್ತು.

ಮಿಷನರಿಗಳ ಅಚ್ಚುಕೂಟ, ಹಂಚಿನ ಕಾರ್ಖಾನೆ, ನಿಘಂಟು, ಮತಾಂತರ ಇವುಗಳ ಬಗ್ಗೆ ಕನ್ನಡದಲ್ಲಿ ಬೇಕಾದಷ್ಟು ಬರಹ ಬಂದಿದೆ. ಅದೇ ಮನೆಗಳಲ್ಲಿ ಹುಟ್ಟಿ, ಅಂಬೆಗಾಲಿಟ್ಟು, ಇಲ್ಲಿಯ ಹೆಂಗಸರ ಮಡಿಲಲ್ಲಿ ಮಾತು ಕಲಿತ ಮಕ್ಕಳ ಬಗ್ಗೆ ಬಂದದ್ದು ಕಡಿಮೆ. ಮಿಷನರಿಗಳನ್ನು ಈ ನೆಲದ ಮನೆಮನೆಗೆ ಹತ್ತಿರ ತಂದವರು ಈ ಮಕ್ಕಳು. ಆ ಹತ್ತಿರವೇ ಹಿರಿಯರಿಗೆ ಅಂಜಿಕೆಯಾಗಿ, ಅದೇ ಮಕ್ಕಳನ್ನು ಕಡಲಾಚೆಗೆ ಕಳಿಸಿದ್ದು ಈ ಚರಿತ್ರೆಯ ದೊಡ್ಡ ನೋವು.

ಮಿಷನ್ ಬಂದ ದಾರಿ

ಬಾಸೆಲ್ ಮಿಷನ್ 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಹುಟ್ಟಿತು. ಅದರಲ್ಲಿ ದುಡಿದವರು ಹೆಚ್ಚಾಗಿ ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯವರು. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಧಾರವಾಡದಲ್ಲಿ 1837ರಲ್ಲಿ, ಹುಬ್ಬಳ್ಳಿಯಲ್ಲಿ 1839ರಲ್ಲಿ, ಬೆಟಗೇರಿಯಲ್ಲಿ 1841ರಲ್ಲಿ ಕೇಂದ್ರಗಳು ಎದ್ದವು. ಆಮೇಲೆ ಗುಳೇದಗುಡ್ಡ. ಆಗ ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು. ಬಾಗಲಕೋಟೆ, ಬಾದಾಮಿಯ ಕಡೆ ಕಂಪನಿ ಸರಕಾರದ ಆಳ್ವಿಕೆ. ಹೊಟಗಿಯಿಂದ ಗದಗಿನವರೆಗಿನ ರೈಲು ಈ ಭಾಗಕ್ಕೆ ಬಂದದ್ದು 1884ರಲ್ಲಿ. ಅಲ್ಲಿಯವರೆಗೆ ಬಾಣಂತಿಯೂ ಕೂಸೂ ಚಕ್ಕಡಿಯಲ್ಲೇ ಊರಿಂದೂರಿಗೆ ಹೋಗಬೇಕಿತ್ತು.

ಮದುವೆಗೂ ಅಪ್ಪಣೆ

ಬಾಸೆಲ್ ಮಿಷನರಿ ಮದುವೆಯಾಗದೆ ಬರುತ್ತಿದ್ದ. ಒಂದೆರಡು ವರ್ಷ ದುಡಿದು, ಭಾಷೆ ಕಲಿತು, ಆಮೇಲೆ ಬಾಸೆಲ್‌ನ ಸಮಿತಿಗೆ ಅರ್ಜಿ ಬರೆದು ಮದುವೆಗೆ ಒಪ್ಪಿಗೆ ಕೇಳಬೇಕು. ವಧುವನ್ನು ಎಷ್ಟೋ ಸಲ ಸಮಿತಿಯೇ ಹುಡುಕಿ ಕೊಡುತ್ತಿತ್ತು. ಗಂಡಿನ ಮುಖ ನೋಡದ ಹುಡುಗಿ ಹಡಗು ಹತ್ತಿ ಬಂದು, ಬಂದರಿನಲ್ಲಿ ಇಳಿದು, ಕೆಲವೇ ದಿನಗಳಲ್ಲಿ ಮದುವೆಯಾಗುತ್ತಿದ್ದಳು. ಮನೆಯ ಹಿರಿಯರು ಕೂಡಿಸಿದ ಸಂಬಂಧ ನಮಗೆ ಹೊಸದಲ್ಲ. ಆದರೆ ಇಲ್ಲಿ ಹುಡುಗಿಯ ತವರು ಸಾವಿರಾರು ಮೈಲಿ ಆಚೆ. ಚೊಚ್ಚಲ ಬಾಣಂತನಕ್ಕೆ ಹೋಗಲು ತಾಯಿಯ ಮನೆ ಇರಲಿಲ್ಲ.

ಕೂಸು ತೆರೆದ ಬಾಗಿಲು

ಆ ಕೊರತೆಯನ್ನು ತುಂಬಿದವರು ಊರಿನ ಹೆಂಗಸರು. ಗಂಡಸು ಮಿಷನರಿ ಜಾತ್ರೆಯಲ್ಲಿ, ಸಂತೆಯಲ್ಲಿ, ಕಟ್ಟೆಯ ಮೇಲೆ ನಿಂತು ಬೋಧಿಸಬಹುದಿತ್ತು. ಮನೆಯ ನಡುಗಂಬ ದಾಟಿ ಒಳಗೆ ಹೋಗಲು ಅವನಿಗೆ ದಾರಿಯಿರಲಿಲ್ಲ. ದೊರೆಸಾನಿಯ ಕಂಕುಳಲ್ಲಿ ಕೂಸು ಕಂಡ ದಿನ ಆ ದಾರಿ ತೆರೆಯುತ್ತಿತ್ತು. ಹಾಲು ಸಾಲುತ್ತದೆಯೆ, ಹಲ್ಲು ಬಂತೆ, ರಾತ್ರಿ ಯಾಕೆ ಅಳುತ್ತದೆ ಎಂಬ ಮಾತಿಗೆ ಮತ ಯಾವುದು, ಭಾಷೆ ಯಾವುದು ಎಂಬ ಅಡ್ಡಿಯಿಲ್ಲ. ಗಂಡ ಹೊತ್ತಗೆಯಿಂದ ಕಲಿತ ಕನ್ನಡ ಒಂದು. ಹೆಂಡತಿ ಬಾವಿಕಟ್ಟೆಯ ಹೆಂಗಸರಿಂದ, ಮನೆಗೆ ಬಂದ ಆಯಾಳಿಂದ ಕಲಿತ ಕನ್ನಡ ಇನ್ನೊಂದು. ಬಾಲಕಿಯರ ಶಾಲೆ, ಹೊಲಿಗೆ ತರಗತಿ ಇಂಥವು ಹೆಚ್ಚಿನ ಕಡೆ ಮಿಷನರಿಯ ಹೆಂಡತಿಯ ಕೈಯಲ್ಲೇ ಇದ್ದದ್ದು ಈ ಕಾರಣಕ್ಕೇ.

ಮಕ್ಕಳು ಇಬ್ಬರನ್ನೂ ಮೀರಿಸುತ್ತಿದ್ದವು. ಅಪ್ಪ ವಿಭಕ್ತಿ ಪ್ರತ್ಯಯಗಳ ಪಟ್ಟಿ ಹಿಡಿದು ತಿಣುಕುತ್ತಿರುವಾಗ, ಮೂರು ವರ್ಷದ ಮಗು ಆಯಾಳ ಮಡಿಲಲ್ಲಿ ಕೂತು, ಅವಳು ಕೈಯಲ್ಲಿ ಕಿವುಚಿ ಕೊಟ್ಟ ತುತ್ತು ತಿನ್ನುತ್ತ, ಒಂದು ಪ್ರತ್ಯಯವೂ ತಪ್ಪದಂತೆ ಮಾತಾಡುತ್ತಿತ್ತು. ಅಪ್ಪ ಅಮ್ಮನಿಗೆ ಜರ್ಮನ್, ಆಯಾಳಿಗೆ ಅವಳ ಮಾತು. ಎರಡು ಭಾಷೆಯ ನಡುವೆ ಮಗು ಗೋಡೆ ಕಾಣಲಿಲ್ಲ. ಮಿಷನರಿ ಜೀವನದ ಸುಖ ಯಾವುದು ಎಂದು ಕೇಳಿದರೆ ನಾನು ತೋರಿಸುವುದು ಈ ದೃಶ್ಯವನ್ನೇ.

ಜ್ವರ, ಬರ, ಸಣ್ಣ ಗೋರಿಗಳು

ಮಲೇರಿಯಾ, ಕಾಲರಾ, ಆಮಶಂಕೆ, ಸಿಡುಬು ಇವುಗಳಿಗೆ ಸರಿಯಾದ ಔಷಧ ಸುಲಭವಾಗಿ ಸಿಗದ ಕಾಲ ಅದು. ಊರಿನ ಮಕ್ಕಳು ಸಾಯುತ್ತಿದ್ದಂತೆ ಮಿಷನ್ ಮನೆಯ ಮಕ್ಕಳೂ ಸಾಯುತ್ತಿದ್ದವು. ಅವರಿಗೆ ನೀಲಗಿರಿಯ ಕೇಟಿಯಂಥ ತಂಪು ಜಾಗವೊಂದಿತ್ತು. 1846ರಲ್ಲಿ ಅಲ್ಲಿ ಬಾಸೆಲ್ ಮಿಷನ್ನಿನ ಕೇಂದ್ರ ತೆರೆದಿತ್ತು. ಆದರೆ ಗುಳೇದಗುಡ್ಡದಿಂದ ನೀಲಗಿರಿಯವರೆಗೆ ಜ್ವರ ಹತ್ತಿದ ಕೂಸನ್ನು ಸಾಗಿಸುವುದು ಯಾವ ತಾಯಿಗೆ ಸುಲಭ?

ದೊಡ್ಡವರೂ ಉಳಿಯುತ್ತಿರಲಿಲ್ಲ. ಕನ್ನಡ ಕಲಿತು ಪಳಗಿದ್ದ ಗಾಟ್‌ಫ್ರೀಡ್ ವೈಗ್ಲೆ 1855ರಲ್ಲಿ ಮಂಗಳೂರಿನಲ್ಲಿ ತೀರಿಕೊಂಡಾಗ, ಹೆಂಡತಿ ಪೌಲೀನೆ ಚಿಕ್ಕ ಮಕ್ಕಳೊಂದಿಗೆ ಉಳಿದಳು. ಮುಂದೆ ಅವಳ ಕೈಹಿಡಿದವರು ವೈಗ್ಲೆಯ ಬಂಧು, 1843ರಲ್ಲಿ ‘ಮಂಗಳೂರು ಸಮಾಚಾರ’ ಹೊರತಂದ ಹರ್ಮನ್ ಮೋಗ್ಲಿಂಗ್. ಅವಳ ಆರೋಗ್ಯ ಕೆಟ್ಟದ್ದರಿಂದ 1860ರಲ್ಲಿ ಅವರು ಭಾರತವನ್ನೇ ಬಿಟ್ಟು ಹೊರಟರು. ಮೊದಲ ಕನ್ನಡ ಪತ್ರಿಕೆಯ ಸಂಪಾದಕ ಎಂದು ಹೆಸರು ಹೇಳುವಾಗ, ಮಲತಂದೆಯಾಗಿ ಮನೆ ನಡೆಸಿದ ಈ ಮೋಗ್ಲಿಂಗ್ ನಮಗೆ ನೆನಪಾಗುವುದಿಲ್ಲ.

1853ರ ನಿಯಮ

1850ರಲ್ಲಿ ಜೋಸೆಫ್ ಯೋಸೆನ್‌ಹಾನ್ಸ್ ಬಾಸೆಲ್ ಮಿಷನ್ನಿನ ಮುಖ್ಯಸ್ಥರಾದರು. ಶಿಸ್ತಿನ ಮನುಷ್ಯ. 1851–52ರಲ್ಲಿ ಸ್ವತಃ ಭಾರತಕ್ಕೆ ಬಂದು ಕೇಂದ್ರಗಳನ್ನು ನೋಡಿಕೊಂಡು ಹೋದರು. ಹೋದ ಮೇಲೆ, 1853ರಲ್ಲಿ, ಮಕ್ಕಳ ಕುರಿತ ನಿಯಮ ಬಂತು: ಶಾಲೆಗೆ ಸೇರುವ ವಯಸ್ಸು ಬಂದ ಮಿಷನರಿ ಮಕ್ಕಳು ಯುರೋಪಿಗೆ ಹೋಗಬೇಕು. ಅವರಿಗಾಗಿ ಬಾಸೆಲ್‌ನಲ್ಲಿ ಮಕ್ಕಳ ಮನೆ ತೆರೆಯಿತು. ಗಂಡುಮಕ್ಕಳು ಬೇರೆ, ಹೆಣ್ಣುಮಕ್ಕಳು ಬೇರೆ.

ಇದಕ್ಕೆ ಕೊಟ್ಟ ಕಾರಣಗಳನ್ನು ಒಂದೊಂದಾಗಿ ತೂಗಿ ನೋಡಬೇಕು. ಹವೆ ಮಕ್ಕಳಿಗೆ ಒಗ್ಗದು ಎಂಬುದು ಸುಳ್ಳಲ್ಲ. ಯುರೋಪಿನ ಮಟ್ಟದ ಶಾಲೆ ಇಲ್ಲಿ ಇರಲಿಲ್ಲ, ಅದೂ ನಿಜ. ತಾಯಿಯ ಸಮಯ ಮಿಷನ್ ಕೆಲಸಕ್ಕೆ ಸಿಗಲಿ ಎಂಬುದು ಸಂಸ್ಥೆಯ ಲೆಕ್ಕ. ಇವುಗಳ ಜೊತೆಗೆ ಇನ್ನೊಂದಿತ್ತು: ಆಯಾಳ ಮಾತು, ಓಣಿಯ ಆಟ, ಊರಿನ ರೂಢಿ ಮಕ್ಕಳಿಗೆ ಅಂಟುತ್ತದೆ, ಅವರು ಇಲ್ಲಿಯವರೇ ಆಗಿಬಿಡುತ್ತಾರೆ ಎಂಬ ಭಯ. ಊರಿನವರ ಜೊತೆ ಬೆರೆಯಲೆಂದೇ ಬಂದವರು, ತಮ್ಮ ಮಕ್ಕಳು ನಿಜವಾಗಿ ಬೆರೆತಾಗ ಹೆದರಿದರು. ಈ ನಿಯಮದಲ್ಲಿ ಮಕ್ಕಳ ಹಿತವೂ ಇತ್ತು ಎಂದು ಒಪ್ಪುತ್ತೇನೆ. ಅದರ ಬೆಲೆ ತೆತ್ತವರು ಮಕ್ಕಳೇ ಎಂಬುದನ್ನು ಮರೆಯಲಾರೆ.

ಆರೇಳು ವರ್ಷದ ಮಗುವಿನ ಟ್ರಂಕು ತುಂಬುವ ದಿನವನ್ನು ಯೋಚಿಸಿ. ಚಳಿಯ ದೇಶ ಕಾಣದ ಮಗುವಿಗೆ ಉಣ್ಣೆಯ ಅಂಗಿ, ಕಾಲುಚೀಲ. ಊರಿಗೆ ಹೊರಟ ಯಾವುದಾದರೂ ಮಿಷನರಿ ಕುಟುಂಬ ಸಿಕ್ಕರೆ ಅವರ ಕೈಗೆ ಒಪ್ಪಿಸುವುದು. 1869ರಲ್ಲಿ ಸುಯೆಜ್ ಕಾಲುವೆ ತೆರೆದ ಮೇಲೆ ಪ್ರಯಾಣ ಹಗುರಾಯಿತು. ಅದಕ್ಕೂ ಮೊದಲು ಆಫ್ರಿಕಾ ಸುತ್ತಿ ಬರುವ ಹಡಗಿಗೆ ತಿಂಗಳುಗಟ್ಟಲೆ ಬೇಕು. ಮತ್ತೆ ಭೇಟಿಯಾಗುವುದು ಎಂಟೋ ಹತ್ತೋ ವರ್ಷಕ್ಕೆ. ನಡುವೆ ಇದ್ದದ್ದು ಕಾಗದ, ಅಪರೂಪಕ್ಕೆ ಒಂದು ಫೋಟೊ. ಫೋಟೊ ಕೈಸೇರುವಷ್ಟರಲ್ಲಿ ಮಗು ಅದಕ್ಕಿಂತ ಎತ್ತರ ಬೆಳೆದಿರುತ್ತಿತ್ತು. ಮಡಿಲಲ್ಲಿ ಕಲಿತ ಮಾತು ಕೆಲವೇ ತಿಂಗಳಲ್ಲಿ ನಾಲಿಗೆಯಿಂದ ಜಾರುತ್ತಿತ್ತು.

ಇತ್ತ ಆ ತಾಯಿಯ ಕೈ ಖಾಲಿ ಇರಲಿಲ್ಲ. 1876–78ರ ಬರ ಆಗಿನ ಕಲಾದಗಿ ಜಿಲ್ಲೆಯನ್ನು, ಅಂದರೆ ಇಂದಿನ ಬಾಗಲಕೋಟೆ, ವಿಜಯಪುರ ಸೀಮೆಯನ್ನು ಸುಟ್ಟಿತು. ಅಪ್ಪ ಅಮ್ಮನನ್ನು ಕಳೆದುಕೊಂಡ ಮಕ್ಕಳು ಮಿಷನ್ನಿನ ಆಸರೆಗೆ ಬಂದವು. ತನ್ನ ಮಗು ಬಾಸೆಲ್‌ನಲ್ಲಿ ಯಾರದೋ ಕೈಯಲ್ಲಿ ಉಣ್ಣುವಾಗ, ಮಿಷನರಿ ತಾಯಿ ಇಲ್ಲಿ ಯಾರದೋ ಮಕ್ಕಳ ತಲೆ ಬಾಚಿ ಜಡೆ ಹೆಣೆಯಬೇಕಾಗಿತ್ತು.

ಮಾರೀ ಗುಂಡರ್ಟ್

ಮಲಯಾಳಂ ನಿಘಂಟಿನ ಹರ್ಮನ್ ಗುಂಡರ್ಟ್ ಮತ್ತು ಜೂಲಿ ದುಬ್ವಾ ದಂಪತಿಯ ಮಗಳು ಮಾರೀ 1842ರಲ್ಲಿ ತಲಶೇರಿಯಲ್ಲಿ ಹುಟ್ಟಿದಳು. ನಿಯಮ ಬರುವ ಮುಂಚೆಯೇ ರೂಢಿ ಇತ್ತು: ಮೂರ್ನಾಲ್ಕು ವರ್ಷದ ಅವಳನ್ನು ಯುರೋಪಿಗೆ ಕರೆದೊಯ್ದು, ಅಲ್ಲಿಯೇ ಬಿಟ್ಟು ತಂದೆತಾಯಿ ಮರಳಿದರು. ಅವಳು ಮತ್ತೆ ಭಾರತಕ್ಕೆ ಬಂದದ್ದು 1857ರಲ್ಲಿ, ಹದಿನೈದರ ಹುಡುಗಿಯಾಗಿ. ಹಡಗಿನಲ್ಲಿ ಒಬ್ಬ ಇಂಗ್ಲಿಷ್ ತರುಣನಿಗೆ ಮನಸ್ಸು ಕೊಟ್ಟಿದ್ದಳು, ತಂದೆ ಒಪ್ಪಲಿಲ್ಲ. ತನ್ನನ್ನು ಬೆಳೆಸದ ತಂದೆ ತನ್ನ ಬಾಳಿನ ತೀರ್ಮಾನ ಮಾಡಿದಾಗ ಆ ಹುಡುಗಿಯ ಎದೆಯಲ್ಲಿ ಏನೆದ್ದಿತೋ!

ಮುಂದೆ ಅವಳೂ ಮಿಷನರಿಯ ಹೆಂಡತಿಯಾದಳು. ಮೊದಲ ಗಂಡ ಚಾರ್ಲ್ಸ್ ಇಸೆನ್‌ಬರ್ಗ್ ತೀರಿಕೊಂಡ ಮೇಲೆ, 1874ರಲ್ಲಿ ಯೊಹಾನೆಸ್ ಹೆಸ್ಸೆಯನ್ನು ಮದುವೆಯಾದಳು. ಅವರ ಮಗನೇ 1946ರ ನೊಬೆಲ್ ಪಡೆದ, ‘ಸಿದ್ಧಾರ್ಥ’ದ ಕರ್ತೃ ಹರ್ಮನ್ ಹೆಸ್ಸೆ. 1884ರಲ್ಲಿ, ತಂದೆತಾಯಿ ಬಾಸೆಲ್ ಊರಿನಲ್ಲೇ ಇದ್ದಾಗಲೂ, ಆರು ವರ್ಷದ ಈ ಹುಡುಗನನ್ನು ಮಿಷನ್ನಿನ ಹುಡುಗರ ಮನೆಯಲ್ಲಿ ಬಿಟ್ಟರು. ತಾಯಿ ಪಟ್ಟ ಪಾಡು ಮಗನ ಪಾಲಿಗೂ ಬಂತು.

ಕಿಟೆಲ್ ಮನೆ

ನಿಯಮ ಬಂದ 1853ರಲ್ಲೇ ಫರ್ಡಿನಾಂಡ್ ಕಿಟೆಲ್ ಭಾರತಕ್ಕೆ ಬಂದರು. 1860ರಲ್ಲಿ ಪೌಲೀನೆ ಐಟ್ ಅವರನ್ನು ಮದುವೆಯಾದರು. ನಾಲ್ಕೇ ವರ್ಷಕ್ಕೆ ಆಕೆ ತೀರಿಹೋದರು. 1867ರಲ್ಲಿ ಆಕೆಯ ತಂಗಿ ಯೂಲಿಯನ್ನು ಮದುವೆಯಾದರು. ತಬ್ಬಲಿ ಮಕ್ಕಳಿಗೆ ಚಿಕ್ಕಮ್ಮನೇ ತಾಯಿಯಾಗಿ ಬರುವುದು ನಮ್ಮ ಕಡೆಯೂ ಇದ್ದ ರೂಢಿ. ಈ ಒಂದು ವಿಷಯದಲ್ಲಿ ಕಿಟೆಲ್ ಮನೆ ಊರಿನ ಯಾವುದೇ ಮನೆಯಂತಿತ್ತು.

1877ರಲ್ಲಿ ಅವರು ಜರ್ಮನಿಗೆ ಮರಳಿದರು. ಆದರೆ ಅವರ ಕನ್ನಡ ನಿಘಂಟು ಮುಗಿದಿರಲಿಲ್ಲ. 1883ರಲ್ಲಿ, ಐವತ್ತು ದಾಟಿದ ಮೇಲೆ, ಮಕ್ಕಳನ್ನು ಜರ್ಮನಿಯಲ್ಲೇ ಬಿಟ್ಟು ಮತ್ತೆ ಬಂದರು. 1892ರವರೆಗೆ ಇಲ್ಲಿದ್ದರು. ಸುಮಾರು 70 ಸಾವಿರ ಪದಗಳ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದರ ಪುಟ ತಿರುವುವಾಗಲೆಲ್ಲ ನನಗೆ ಕಾಣುವುದು, ಕೂಸು, ತೊಟ್ಟಿಲು, ಜೋಗುಳ ಎಂಬ ಮಾತುಗಳಿಗೆ, ತನ್ನ ಮಕ್ಕಳು ಕಣ್ಣಿಗೆ ಕಾಣದ ಊರಿನಲ್ಲಿ ಕೂತು, ದೀಪದ ಬೆಳಕಿನಲ್ಲಿ ಅರ್ಥ ಬರೆಯುವ ತಂದೆ.

ಮರಳಿ ಬಂದವರು

ಎಲ್ಲ ಕತೆಯೂ ಅಗಲಿಕೆಯಲ್ಲಿ ಮುಗಿಯಲಿಲ್ಲ. ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ಅವರ ಮಗ ಬಿ. ಎಲ್. ರೈಸ್ ಹುಟ್ಟಿದ್ದು 1837ರಲ್ಲಿ, ಬೆಂಗಳೂರಿನಲ್ಲಿ. ಇಂಗ್ಲೆಂಡಿನಲ್ಲಿ ಓದಿ 1860ರಲ್ಲಿ ಬೆಂಗಳೂರಿಗೇ ಮಾಸ್ತರರಾಗಿ ಮರಳಿದರು. ಆಮೇಲೆ ಹಳ್ಳಿಹಳ್ಳಿ ತಿರುಗಿ ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಸಂಪುಟಗಳಲ್ಲಿ ತಂದರು. ತಮ್ಮ ಇ. ಪಿ. ರೈಸ್ ಮಿಷನರಿಯಾಗಿದ್ದುಕೊಂಡೇ ಇಂಗ್ಲಿಷಿನಲ್ಲಿ ಕನ್ನಡ ಸಾಹಿತ್ಯದ ಚರಿತ್ರೆ ಬರೆದರು. ಬೆಳಗಾವಿಯ ಲಂಡನ್ ಮಿಷನ್ ಕೇಂದ್ರವನ್ನು 1820ರಲ್ಲಿ ಆರಂಭಿಸಿದ ಜೋಸೆಫ್ ಟೇಲರ್ ಅವರ ಮಗ, ಬಳ್ಳಾರಿಯಲ್ಲಿ ಹುಟ್ಟಿದ ಜೆ. ವಿ. ಎಸ್. ಟೇಲರ್, ಗುಜರಾತಿಗೆ ಹೋಗಿ ಗುಜರಾತಿ ವ್ಯಾಕರಣ ಬರೆದರು. ನುಡಿಯ ನಂಟು ಎಲ್ಲಿ ಬೆಳೆಯಿತು ಎಂದು ಹುಡುಕುವಾಗ, ಅವರ ಎಳವೆಯ ಕಿವಿಗೆ ಬಿದ್ದ ಮಾತನ್ನು ನಾನು ಕಡೆಗಣಿಸಲಾರೆ.

ಬೆಟ್ಟದ ಶಾಲೆ, ಯುದ್ಧದ ಹಡಗು

ಇಪ್ಪತ್ತನೇ ಶತಮಾನದಲ್ಲಿ ದೂರ ಸ್ವಲ್ಪ ತಗ್ಗಿತು. 1901ರಲ್ಲಿ ಅಮೆರಿಕನ್ ಮಿಷನರಿಗಳು ತಮ್ಮ ಮಕ್ಕಳಿಗಾಗಿ ಕೊಡೈಕೆನಾಲ್‌ನಲ್ಲಿ ಶಾಲೆ ತೆರೆದರು. ಮಕ್ಕಳು ರಜೆಗೆ ಮನೆಗೆ ಬರುವಂತಾಯಿತು. ಜರ್ಮನ್ ಕುಟುಂಬಗಳಿಗೆ ಮಾತ್ರ 1914ರ ಯುದ್ಧ ಬೇರೆಯೇ ಗತಿ ತಂದಿತು. ಅವರು ಶತ್ರು ದೇಶದವರಾದರು. ಗಂಡಸರು ಅಹಮದ್‌ನಗರದ ಬಂಧನ ಶಿಬಿರಕ್ಕೆ ಹೋದರು. 1915–16ರಲ್ಲಿ ‘ಗೋಲ್ಕೊಂಡ’ ಎಂಬ ಹಡಗು ಹೆಂಗಸರು ಮಕ್ಕಳನ್ನು ಯುರೋಪಿಗೆ ಒಯ್ದಿತು.

ಇಂಥ ಮಕ್ಕಳಿಗೆ ಸಮಾಜಶಾಸ್ತ್ರದಲ್ಲಿ ಈಗ ‘ಮೂರನೇ ಸಂಸ್ಕೃತಿಯ ಮಕ್ಕಳು’ ಎಂಬ ಹೆಸರಿದೆ. ಅಮೆರಿಕದ ರೂತ್ ಯೂಸೀಮ್ 1950ರ ದಶಕದಲ್ಲಿ ಭಾರತದಲ್ಲಿದ್ದ ಅಮೆರಿಕನ್ನರನ್ನು ಗಮನಿಸುತ್ತ ಈ ಮಾತು ತಂದರು. ತಂದೆತಾಯಿಯ ನಾಡೂ ಪೂರ್ತಿ ತನ್ನದಲ್ಲ, ಬೆಳೆದ ನಾಡೂ ಪೂರ್ತಿ ತನ್ನದಲ್ಲ. ದುಬೈ, ಡಲ್ಲಾಸ್‌ಗಳಲ್ಲಿ ಮಕ್ಕಳನ್ನು ಬೆಳೆಸುವ ನಮ್ಮ ಕನ್ನಡ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಉಪದೇಶಿಯ ಮಕ್ಕಳು

ಗುಳೇದಗುಡ್ಡ, ಬೆಟಗೇರಿ, ಹುಬ್ಬಳ್ಳಿಗಳಲ್ಲಿ ಮಿಷನ್ ನಡೆದದ್ದು ಯುರೋಪಿನವರಿಂದ ಮಾತ್ರವೇ? ಕನ್ನಡದ ಉಪದೇಶಿಗಳು, ಸಭಾಪಾಲಕರು, ಮಿಷನ್ ಶಾಲೆಯ ಮಾಸ್ತರರು ಅದರ ಬೆನ್ನೆಲುಬಾಗಿದ್ದರು. ಮತ ಬದಲಿಸಿದ್ದಕ್ಕೆ ನಂಟರ ಮನೆಯ ಬಾಗಿಲು ಮುಚ್ಚಿಸಿಕೊಂಡವರು ಅವರಲ್ಲಿ ಬಹಳ. ಅವರ ಮಕ್ಕಳಿಗೆ ಅಜ್ಜಿಯ ಮನೆ ಇರಲಿಲ್ಲ; ಇದ್ದದ್ದು ಸಭೆಯ ಓಣಿ, ಮಿಷನ್ ಶಾಲೆ, ಬೋರ್ಡಿಂಗ್. ಅಂಥ ಕ್ರೈಸ್ತ ಮನೆಯಲ್ಲಿ 1881ರಲ್ಲಿ ಧಾರವಾಡದಲ್ಲಿ ಹುಟ್ಟಿದ ಚನ್ನಪ್ಪ ಉತ್ತಂಗಿ ಸಭಾಪಾಲಕರಾಗಿ ದುಡಿಯುತ್ತಲೇ ಸರ್ವಜ್ಞನ ವಚನಗಳನ್ನು ಹುಡುಕಿ ಕೂಡಿಸಿ 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು.

ಇಂದು ಬಾಸೆಲ್ ಮಿಷನ್ನಿನ ಆ ಸಭೆಗಳು ದಕ್ಷಿಣ ಭಾರತ ಸಭೆಯ ಕರ್ನಾಟಕ ಉತ್ತರ ಧರ್ಮಪ್ರಾಂತದಲ್ಲಿವೆ. ಸಭಾಪಾಲಕ ಅಯ್ಯನವರಿಗೆ ಈಗಲೂ ವರ್ಗ ಆಗುತ್ತದೆ. ಪಾತ್ರೆ, ಪುಸ್ತಕ, ಹಾಸಿಗೆ ಟೆಂಪೊ ಏರುತ್ತವೆ. ಮಕ್ಕಳು ಹಳೆಯ ಶಾಲೆಯ ವರ್ಗಾವಣೆ ಪತ್ರ ಹಿಡಿದು ಹೊಸ ಊರಿನ ಶಾಲೆಯ ಮೆಟ್ಟಿಲು ಹತ್ತುತ್ತಾರೆ. ಅಪ್ಪ ಅಮ್ಮ ಜೊತೆಗಿರುತ್ತಾರೆ. ರಾತ್ರಿ ಒಂದೇ ಒಲೆಯ ರೊಟ್ಟಿಯನ್ನು ಎಲ್ಲರೂ ಕೂಡಿ ಉಣ್ಣುತ್ತಾರೆ.