ಅವ್ವನ ಹೆಸರಿನ ಕಾರು

ಕಾನಹೊಸಹಳ್ಳಿಯ ನಮ್ಮ ಕಣದ ಮೂಲೆಯಲ್ಲಿ, ತಗಡಿನ ಶೆಡ್ಡಿನೊಳಗೆ, ಇಪ್ಪತ್ತೇಳು ವರ್ಷ ಒಂದು ಅಂಬಾಸಿಡರ್ ಕಾರು ನಿಂತಿತ್ತು. ಅದರ ಮೇಲೆ ಶೇಂಗಾದ ಚೀಲ ಒಟ್ಟಿದ್ದರು. ಒಳಗೆ ಇಲಿ ಮರಿ ಹಾಕಿತ್ತು. ಒಂದು ವರ್ಷ ಡಿಕ್ಕಿಯಲ್ಲಿ ಹಾವಿನ ಪೊರೆ ಸಿಕ್ಕಿತೆಂದು ನನ್ನ ತಮ್ಮ ಆ ಕಡೆ ಹೋಗುವುದನ್ನೇ ಬಿಟ್ಟಿದ್ದ. ಅಪ್ಪ ತೀರಿಕೊಂಡ ಮೇಲೂ ಅದನ್ನು ಯಾರೂ ಮಾರಲಿಲ್ಲ, ಯಾರೂ ತೊಳೆಯಲಿಲ್ಲ. ಮನೆಯಲ್ಲಿ ಕೆಲವು ಸಾಮಾನು ಹೀಗೇ ಇರುತ್ತವೆ. ನಿಮ್ಮ ಅಟ್ಟದ ಮೇಲೂ ಒಂದೆರಡು ಇದ್ದಾವು.

2025ರ ಯುಗಾದಿಗೆ ಬೆಂಗಳೂರಿನಿಂದ ಬಂದ ಅಣ್ಣ ಹೋಳಿಗೆ ತಿಂದು ಕೈ ತೊಳೆಯುತ್ತಲೇ ಮಾತು ತೆಗೆದ. "ಕಾರು ರಿಪೇರಿ ಮಾಡಿಸೋಣ. ಮಗನ ಮದುವೆಗೆ ಅದರಲ್ಲೇ ಮೆರವಣಿಗೆ." ತಮ್ಮನಿಗೆ ಶೆಡ್ಡಿನ ಜಾಗ ಬೇಕಾಗಿತ್ತು. "ಗುಜರಿಯವನಿಗೆ ಕೊಟ್ಟರೆ ಕೆ.ಜಿ. ಲೆಕ್ಕದಾಗ ರೊಕ್ಕ ಕೊಡ್ತಾನ, ಮುಗೀತು" ಎಂದ. ಇಬ್ಬರೂ ನನ್ನ ಮುಖ ನೋಡಿದರು. ಮೇಷ್ಟ್ರ ಕೆಲಸ ಮಾಡುವ ಹೆಣ್ಣುಮಕ್ಕಳಿಗೆ ತವರಿನಲ್ಲಿ ಪಂಚಾಯ್ತಿ ಕೆಲಸ ತಪ್ಪಿದ್ದಲ್ಲ. ಮೂಲೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಅವ್ವನನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಅದನ್ನು ಒಪ್ಪಿಕೊಂಡುಬಿಡುತ್ತೇನೆ.

ಸಮಾಜ ವಿಜ್ಞಾನ ಪಾಠ ಮಾಡುವವಳಾದ್ದರಿಂದ ನನಗೆ ಯಾವುದಕ್ಕೂ ಬುಡದಿಂದ ಹಿಡಿಯುವ ಚಟ. ಬಿ.ಎಂ. ಬಿರ್ಲಾ ಅವರು ಹಿಂದುಸ್ತಾನ್ ಮೋಟಾರ್ಸ್ ಕಂಪನಿ ಕಟ್ಟಿದ್ದು 1942ರಲ್ಲಿ, ದೇಶ ಇನ್ನೂ ಬ್ರಿಟಿಷರ ಕೈಯಲ್ಲಿದ್ದಾಗ. ಮೊದಲು ಗುಜರಾತಿನ ಓಖಾ ಬಂದರಿನಲ್ಲಿ ಹೊರಗಿನಿಂದ ಬಂದ ಭಾಗಗಳನ್ನು ಜೋಡಿಸುವ ಕೆಲಸ. 1948ರಲ್ಲಿ ಕಲ್ಕತ್ತೆಯ ಹತ್ತಿರದ ಉತ್ತರಪಾರಾಕ್ಕೆ ಕಾರ್ಖಾನೆ ಹೋಯಿತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಕಾರಿನ ಮೂರನೆಯ ಮಾದರಿಯ ಅಚ್ಚು ತಂದು 1957-58ರ ಹೊತ್ತಿಗೆ ತಯಾರಿಸಲು ಶುರುಮಾಡಿದ್ದೇ ಅಂಬಾಸಿಡರ್. ಇಂಗ್ಲೆಂಡಿನವರು ಆ ಕಾರನ್ನು ಬೇಗನೆ ಮರೆತರು. ನಾವು ಮಾತ್ರ ಮುಂದಿನ ಜಾಲರಿ, ದೀಪ ಬದಲಾಯಿಸಿ ಮಾರ್ಕ್ 2, ಮಾರ್ಕ್ 3, ಮಾರ್ಕ್ 4 ಎಂದು ಹೆಸರಿಡುತ್ತ ಐವತ್ತಕ್ಕೂ ಹೆಚ್ಚು ವರ್ಷ ಅದೇ ಗುಂಡು ಮೈಯ ಕಾರನ್ನು ಓಡಿಸಿದೆವು.

ಆಗ ಕೊಳ್ಳುವವರಿಗೆ ಆಯ್ಕೆಯಾದರೂ ಏನಿತ್ತು? ಅಂಬಾಸಿಡರ್, ಬೊಂಬಾಯಿಯ ಫಿಯಟ್, ಮದರಾಸಿನ ಸ್ಟ್ಯಾಂಡರ್ಡ್ ಎಂಬ ಮೂರೇ. ಎಷ್ಟು ಕಾರು ತಯಾರಾಗಬೇಕೆಂಬುದೂ ಸರ್ಕಾರದ ಲೈಸೆನ್ಸಿನಲ್ಲಿತ್ತು. ಹಣ ಕಟ್ಟಿದವರು ವರ್ಷಗಟ್ಟಲೆ ಕಾಯಬೇಕಿತ್ತು. ಹಾಗಾಗಿ ನಮ್ಮ ಕಡೆ ಹೊಸ ಕಾರು ಕಂಡವರೇ ಕಡಿಮೆ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀಲಿ ಕೊಟ್ಟ ಮೇಲೆಯೇ ಮಧ್ಯಮ ವರ್ಗದವರಿಗೆ ಕಾರಿನ ಕನಸು ಬಿದ್ದದ್ದು.

ಅಪ್ಪ 1979ರಲ್ಲಿ ದಾವಣಗೆರೆಯಿಂದ ತಂದದ್ದು 1973ರ ಮಾರ್ಕ್ 2. ಅವರದು ಶೇಂಗಾ ದಲಾಲಿ ಅಂಗಡಿ. ಕಾರು ಕೊಳ್ಳುವಂಥ ಶ್ರೀಮಂತಿಕೆಯೇನಲ್ಲ. ಬೆಣ್ಣೆಯ ಬಣ್ಣದ ಮೈ, ಸ್ಟಿಯರಿಂಗ್ ಪಕ್ಕದಲ್ಲೇ ಗೇರು, ಮುಂದೆ ಮೂವರು ಕೂರುವ ಒಂದೇ ಉದ್ದ ಸೀಟು. ಚಳಿಗಾಲದ ಬೆಳಗ್ಗೆ ಹ್ಯಾಂಡಲ್ ತಿರುಗಿಸದೆ ಎಂಜಿನ್ ಏಳುತ್ತಿರಲಿಲ್ಲ. ಹಿಂದಿನ ಎಡಬಾಗಿಲು ಎರಡು ಸಲ ಬಡಿದರೆ ಮಾತ್ರ ಹಾಕಿಕೊಳ್ಳುತ್ತಿತ್ತು. ಮೊದಲ ಸಲದ್ದು ದೇವರಿಗೆ, ಎರಡನೆಯದು ಬಾಗಿಲಿಗೆ ಎಂದು ಅಪ್ಪ ನಗುತ್ತಿದ್ದರು.

ನಮ್ಮೂರು ಚಿತ್ರದುರ್ಗ-ಹೊಸಪೇಟೆ ಹೆದ್ದಾರಿಯ ಮೇಲಿನ ಊರು. ಆಗ ಅದಕ್ಕೆ 13ನೆಯ ನಂಬರು, ಈಗ 50. ಹಗಲೆಲ್ಲ ಲಾರಿ, ಬಸ್ಸು. ಆದರೆ ರಾತ್ರಿ ಹನ್ನೊಂದರ ಮೇಲೆ ಬಸುರಿಗೆ ನೋವು ಕಾಣಿಸಿಕೊಂಡರೆ ಗತಿ ಏನು? 108 ಆಂಬುಲೆನ್ಸ್ ನಮ್ಮ ರಾಜ್ಯಕ್ಕೆ ಬಂದದ್ದು 2008ರ ನವೆಂಬರ್ ಒಂದರಂದು. ಅದಕ್ಕೂ ಮೊದಲು ಎತ್ತಿನ ಗಾಡಿ, ದಯೆ ತೋರಿದ ಲಾರಿ, ಇಲ್ಲವೇ ನಮ್ಮ ಅಂಬಾಸಿಡರ್. ಕೂಡ್ಲಿಗಿ ಆಸ್ಪತ್ರೆಯಲ್ಲಿ ಆಗದಿದ್ದರೆ ಬಳ್ಳಾರಿಗೆ ಓಡಬೇಕು. ಅಲ್ಲಿ 1961ರಿಂದ ವೈದ್ಯಕೀಯ ಕಾಲೇಜಿತ್ತು. ಅಪ್ಪ ಪೆಟ್ರೋಲಿನ ಹಣ ಮಾತ್ರ ತೆಗೆದುಕೊಳ್ಳುತ್ತಿದ್ದರು, ಅದೂ ಕೊಟ್ಟರೆ.

ಊರವರು ಈಗಲೂ ಅಪ್ಪನ ಹೆಸರು ಹೇಳಿ ಕೈ ಮುಗಿಯುತ್ತಾರೆ. ಸಂತೋಷವೇ. ಆದರೆ ಆ ರಾತ್ರಿಗಳಲ್ಲಿ ಹಿಂದಿನ ಸೀಟಿನಲ್ಲಿ ಬಸುರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೋಗುತ್ತಿದ್ದವಳು ಅವ್ವ. ಒಂದು ಹಳೆಯ ಸೀರೆ, ಒಂದು ಚೊಂಬು ನೀರು, ಒಂದು ಟಾರ್ಚು ಯಾವಾಗಲೂ ಕದದ ಹಿಂದೆ ಸಿದ್ಧವಿರುತ್ತಿದ್ದವು. ನನಗೆ ಹನ್ನೆರಡೋ ಹದಿಮೂರೋ ವಯಸ್ಸು. ಅವ್ವ ಹೊರಟಳೆಂದರೆ ಮರುದಿನದ ರೊಟ್ಟಿ ನನ್ನ ಪಾಲಿಗೆ. ಅದಕ್ಕಾಗಿ ನಾನು ಆ ಕಾರನ್ನು ಬೈದುಕೊಂಡದ್ದೂ ಉಂಟು. ಒಂದು ಬೇಸಿಗೆಯಲ್ಲಿ ತಾಂಡಾದ ಹೆಣ್ಣುಮಗಳೊಬ್ಬಳು ಕೂಡ್ಲಿಗಿ ಮುಟ್ಟುವ ಮೊದಲೇ ಹೆತ್ತಳು. ಅಪ್ಪ ಗಾಡಿ ನಿಲ್ಲಿಸಿ, ರಸ್ತೆಗೆ ಮುಖ ಮಾಡಿ ನಿಂತಿದ್ದರಂತೆ. ಬೆಳಿಗ್ಗೆ ಅವ್ವ ಬಂದವಳೇ ಸೀಟು ತೊಳೆದು ಬಿಸಿಲಿಗೆ ಹಾಕಿ, ಸ್ನಾನ ಮಾಡಿ, ನನ್ನ ರೊಟ್ಟಿ ದಪ್ಪವಾಗಿದೆ ಎಂದಳು.

ಅದಿರಲಿ. ಅಣ್ಣ ಹೊಸಪೇಟೆಯಿಂದ ಒಬ್ಬ ಮೇಸ್ತ್ರಿಯನ್ನು ಕರೆಸಿದ. ವಯಸ್ಸಾದವರು, ಎಲ್ಲರೂ ಚಾಚಾ ಎನ್ನುತ್ತಿದ್ದರು. ಅವರು ಬಾನೆಟ್ ಎತ್ತಲೇ ಇಲ್ಲ. ನೆಲಕ್ಕೆ ಗೋಣಿ ಹಾಸಿ ಕಾರಿನ ಕೆಳಗೆ ತೂರಿ, ಬಾಗಿಲ ಕೆಳಗಿನ ಪಟ್ಟಿಗೆ ಸ್ಕ್ರೂಡ್ರೈವರ್ ಒತ್ತಿದರು. ಅದು ಹಪ್ಪಳಕ್ಕೆ ಬೆರಳು ಹೋದಂತೆ ಒಳಗೆ ಹೋಯಿತು.

"ಎಂಜಿನ್ ಜಾಮ್ ಆಗಿದ್ರೆ ಬಿಚ್ಚಿ ಮಾಡಬೌದು ಟೀಚರಮ್ಮ. ಇದರ ಎಂಜಿನ್ ಸಾಮಾನು ಇನ್ನೂ ಸಿಗ್ತೈತಿ. ಆದ್ರ ಇದಕ್ಕ ಲಾರಿ, ಜೀಪಿನ ಹಂಗ ಬ್ಯಾರೆ ಚಾಸಿ ಇಲ್ಲ. ಮೈಯೇ ಚಾಸಿ. ಮೈ ಹೋದ್ರ ಗಾಡಿ ಹೋತು."

ನನಗೆ ಅಲ್ಲಿಯವರೆಗೆ ಗೊತ್ತಿರದ ಸಂಗತಿ ಇದು. ಲಾರಿಗೆ ಕೆಳಗೊಂದು ಉಕ್ಕಿನ ಚೌಕಟ್ಟು ಇರುತ್ತದೆ, ಮೇಲಿನ ಡಬ್ಬಿ ಕೆಟ್ಟರೆ ಬೇರೆ ಕೂರಿಸಬಹುದು. ಅಂಬಾಸಿಡರಿನಲ್ಲಿ ತಳ, ಪಕ್ಕ, ಮಾಡು ಎಲ್ಲ ಒಂದಕ್ಕೊಂದು ಬೆಸೆದು, ಆ ಬೆಸುಗೆಯೇ ಭಾರ ಹೊರುತ್ತದೆ, ಮಡಕೆಯ ಹಾಗೆ. ಬಾಗಿಲ ಕೆಳಗಿನ ಪಟ್ಟಿಯಲ್ಲಿ ನೀರು ನಿಂತು ತುಕ್ಕು ಹಿಡಿದರೆ ಮೇಲಿನ ಬಣ್ಣ ಚೆಲುವಾಗಿದ್ದರೂ ನಡು ಮುರಿದಂತೆಯೇ. ಪುಟ್ಟಿ ಮೆತ್ತಿ ಪೇಂಟು ಹೊಡೆದು ಮದುವೆ ಮೆರವಣಿಗೆ ದಾಟಿಸಬಹುದು, ಆದರೆ ಹೆದ್ದಾರಿಗೆ ಇಳಿಸಿದರೆ ಒಳಗಿದ್ದವರ ಜೀವಕ್ಕೆ ಯಾರು ಹೊಣೆ ಎಂದರು ಚಾಚಾ. ಕೊಳೆತದ್ದನ್ನೆಲ್ಲ ಕತ್ತರಿಸಿ ಹೊಸ ತಗಡು ಬೆಸೆದು, ಎಂಜಿನ್, ಬ್ರೇಕು, ವೈರಿಂಗು, ಸೀಟು ಎಲ್ಲ ಮಾಡಿಸಿದರೆ ಆರು ಲಕ್ಷಕ್ಕೆ ಕಡಿಮೆಯಿಲ್ಲ, ಒಂದು ವರ್ಷವೂ ಬೇಕು.

ಅಣ್ಣ ಆರು ಲಕ್ಷಕ್ಕೂ ಹೆದರಲಿಲ್ಲ. ಐವತ್ತು ವರ್ಷ ದಾಟಿದ ವಾಹನಗಳಿಗೆಂದು ಕೇಂದ್ರ ಸರ್ಕಾರ 2021ರಲ್ಲಿ ಮಾಡಿದ ವಿಂಟೇಜ್ ನಿಯಮ ಅವನಿಗೆ ಗೊತ್ತಿತ್ತು. ಇಪ್ಪತ್ತು ಸಾವಿರ ರೂಪಾಯಿ ಕಟ್ಟಿದರೆ 'ವಿ.ಎ.' ಅಕ್ಷರದ ಬೇರೆ ನಂಬರು, ಹತ್ತು ವರ್ಷಕ್ಕೆ ನೋಂದಣಿ. ನಾನು ಆ ನಿಯಮ ತರಿಸಿ ಓದಿದೆ. ಎರಡು ತೊಡಕು ಕಂಡವು. ಅಂಥ ಗಾಡಿಯನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲು ರಿಪೇರಿಗೆ ಬಿಟ್ಟು ದಿನವಹಿ ರಸ್ತೆಯಲ್ಲಿ ಓಡಿಸುವಂತಿಲ್ಲ. ಇನ್ನೊಂದು, ಅದರ ಮೈಯೂ ಎಂಜಿನ್ನೂ ಹೆಚ್ಚು ಮಾರ್ಪಾಡಾಗದೆ ಮೂಲರೂಪದಲ್ಲಿರಬೇಕು. ಅರ್ಧ ಮೈ ಕತ್ತರಿಸಿ ಬೆಸೆಯಬೇಕಾದ ನಮ್ಮ ಕಾರಿಗೆ ಅದನ್ನು ಹೇಗೆ ಸಾಧಿಸುವುದು?

ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗ ಧರ್ಮಸ್ಥಳದಲ್ಲಿ ವೀರೇಂದ್ರ ಹೆಗ್ಗಡೆಯವರು ಕೂಡಿಸಿಟ್ಟ ಹಳೆಯ ಕಾರುಗಳನ್ನು ನೋಡಿದ್ದೆ. ಶ್ರೀರಂಗಪಟ್ಟಣದ ಬಳಿಯೂ 2023ರಲ್ಲಿ 'ಪಯಣ' ಎಂಬ ಅವರ ಕಾರು ಸಂಗ್ರಹಾಲಯ ತೆರೆಯಿತು. ಕನ್ನಡಿಯಂತೆ ಹೊಳೆಯುತ್ತ ನಿಂತ ಆ ಕಾರುಗಳು ಕಣ್ಣಿಗೆ ಹಬ್ಬವೇ. ಆದರೆ ಅವಕ್ಕೆ ಸೂರು, ಆಳು, ಎಣ್ಣೆ, ಆರೈಕೆ ಎಲ್ಲ ಇದೆ. ಕಾರು ದುರಸ್ತಿಯ ಖರ್ಚು ಒಂದು ಸಲದ್ದಲ್ಲ, ಆಮೇಲಿನ ಸಾಕಣೆಯೇ ದೊಡ್ಡದು. ಮದುವೆಯ ಮರುದಿನ ಅಣ್ಣ ಬೆಂಗಳೂರಿಗೆ ಹೋಗುತ್ತಾನೆ. ಸಾಕುವವರು ಯಾರು?

ಇಷ್ಟೆಲ್ಲ ಆದ ಮೇಲೆ ನಂಬರು ನೋಡೋಣವೆಂದು ಅಪ್ಪನ ಟ್ರಂಕಿನಿಂದ ಆರ್.ಸಿ. ಪುಸ್ತಕ ತೆಗೆದೆ. ಅಂಚು ಗೆದ್ದಲು ತಿಂದಿತ್ತು. 1979ರ ವರ್ಗಾವಣೆಯ ಸಾಲಿನಲ್ಲಿ ಅಪ್ಪನ ಹೆಸರಿರಲಿಲ್ಲ. ಅವ್ವನ ಹೆಸರಿತ್ತು.

ಅಣ್ಣ ತಮ್ಮ ಇಬ್ಬರೂ ಸುಮ್ಮನಾದರು. ಅವ್ವನೇನೂ ಬೆಚ್ಚಲಿಲ್ಲ. "ಹೌದು, ನನ್ನ ನಾಲ್ಕು ಬಳಿ, ಸರ ಮಾರಿ ತಂದದ್ದು. ನಿನ್ನ ಹೆಸರಿಗೇ ಮಾಡಸ್ತೀನಿ ಅಂದಿದ್ರು. ಮಾಡ್ಸಿದ್ರೋ ಇಲ್ಲೋ ನಾನು ಯಾವತ್ತೂ ಕೇಳಲಿಲ್ಲ" ಎಂದಳು. ಆಮೇಲೆ, "ಇನ್ನೊಂದು ಸಲ ಓದು" ಎಂದಳು. ಓದಿದೆ.

ಲೆಕ್ಕದ ಚಟ ಎಲ್ಲಿ ಬಿಡುತ್ತದೆ? 1979ರಲ್ಲಿ ಚಿನ್ನ ಹತ್ತು ಗ್ರಾಮಿಗೆ ಸಾವಿರ ರೂಪಾಯಿಯೊಳಗಿತ್ತು. ಈಗ ಲಕ್ಷ ದಾಟಿದೆ. ಅವ್ವನಿಗೆ ಹೇಳಿದರೆ, "ಬಂಗಾರಕ್ಕ ತುಕ್ಕು ಹಿಡೀತಿರಲಿಲ್ಲ ಬಿಡು. ಆದ್ರ ಬಂಗಾರದಾಗ ಬಸುರಿನ್ನ ಮಲಗಿಸಿ ಕೂಡ್ಲಿಗಿಗೆ ಒಯ್ಯಾಕ ಆಗ್ತಿತ್ತೇನು?" ಎಂದಳು.

ಅವಳ ತೀರ್ಮಾನಕ್ಕೆ ಎರಡು ದಿನ ಹಿಡಿಯಿತು. ಆ ಎರಡು ದಿನ ಕೊಟ್ಟೂರಿನ ತೇರಿನ ಮಾತೇ ಆಡಿದಳು. 2017ರ ಫೆಬ್ರವರಿಯಲ್ಲಿ, ಜಾತ್ರೆಯ ದಿನ, ಕೊಟ್ಟೂರೇಶ್ವರನ ತೇರು ಜನರ ಕಣ್ಣೆದುರೇ ಉರುಳಿತು. ಅಚ್ಚು ಮುರಿದದ್ದೇ ಕಾರಣವೆಂದು ಪತ್ರಿಕೆಗಳು ಬರೆದವು. ಹಲವರಿಗೆ ಗಾಯವಾಯಿತು. ನಮ್ಮ ಸೀಮೆಯ ಮನೆಮನೆಯಲ್ಲೂ ಆ ರಾತ್ರಿ ಒಲೆ ಉರಿದದ್ದು ಕಡಿಮೆ. ಆಮೇಲೆ ಹೊಸ ತೇರು ಕಟ್ಟಿದರು. "ಹಳೇ ತೇರಿಗೆ ತ್ಯಾಪಿ ಹಾಕಿ ಮತ್ತ ಜನರ ನಡುವ ಎಳೀಲಿಲ್ಲ ನೋಡು" ಎಂದಳು ಅವ್ವ. ತ್ಯಾಪೆ ಎಂಬ ಮಾತು ಅಣ್ಣನಿಗೆ ತಾಗಿತೆಂದು ಕಾಣುತ್ತದೆ. ಮೆರವಣಿಗೆಯ ಸುದ್ದಿ ಮತ್ತೆ ಎತ್ತಲಿಲ್ಲ.

ಚಾಚಾರ ಗ್ಯಾರೇಜಿನಲ್ಲಿ ಇನ್ನೊಂದು ಮಾರ್ಕ್ 2 ನಿಂತಿತ್ತಂತೆ. ಅದರ ಮೈ ಗಟ್ಟಿ, ಆದರೆ ಬಾಗಿಲು, ದೀಪದ ಸುತ್ತಿನ ಬಳೆ, ಗೇರಿನ ಕಡ್ಡಿ, ಹಿಂದಿನ ಆಕ್ಸಲ್ ಇರಲಿಲ್ಲ. ಉತ್ತರಪಾರಾದ ಕಾರ್ಖಾನೆ 2014ರ ಮೇ ತಿಂಗಳಲ್ಲೇ ನಿಂತಿದೆ. 2017ರಲ್ಲಿ ಅಂಬಾಸಿಡರ್ ಎಂಬ ಹೆಸರನ್ನೂ ಫ್ರಾನ್ಸಿನ ಪ್ಯೂಜೊ ಕಂಪನಿಗೆ 80 ಕೋಟಿಗೆ ಮಾರಿದರು. ಹಾಗಾಗಿ ಹಳೆಯ ಮೈಗೆ ಬೇಕಾದದ್ದು ಇನ್ನೊಂದು ಹಳೆಯ ಮೈಯಿಂದಲೇ ಬರಬೇಕು. ಅವ್ವ ಅದಕ್ಕೆ ಕೊಡಲು ಒಪ್ಪಿದಳು. ಗುಜರಿಗೆ ಬೇಡ, ಪುಟ್ಟಿ ಮೆತ್ತುವುದೂ ಬೇಡ. ಒಂದೇ ಕರಾರು: ದುಡ್ಡು ಗಂಡುಮಕ್ಕಳ ಕೈಗಲ್ಲ, ತನ್ನ ಕೈಗೆ ಬರಬೇಕು.

ಚಾಚಾ ನಲವತ್ತು ಸಾವಿರ ಎಣಿಸಿ ಅವಳ ಸೆರಗಿಗೆ ಹಾಕಿದರು. ಕಾಗದಕ್ಕೆ ಅವ್ವ ಸಹಿ ಮಾಡಿದಳು. ವಯಸ್ಕರ ಶಿಕ್ಷಣದ ತರಗತಿಯಲ್ಲಿ ಕಲಿತ ಅಕ್ಷರ. ಒಂದೊಂದನ್ನೂ ಕೆತ್ತಿದ ಹಾಗೆ ಬರೆಯುತ್ತಾಳೆ. ಚಾಚಾ ಅಷ್ಟು ಹೊತ್ತೂ ನಿಂತೇ ಇದ್ದರು. ಲಾರಿಗೆ ಏರಿಸುವಾಗ ತಮ್ಮ ಅತ್ತ. ಜಾಗ ಬೇಕೆಂದವನು ಅವನೇ. ಆ ದುಡ್ಡಿನಲ್ಲಿ ಅವ್ವ ಏನು ಮಾಡಿದಳೆಂದು ನಮಗಿನ್ನೂ ಹೇಳಿಲ್ಲ, ನಾವು ಕೇಳಿಯೂ ಇಲ್ಲ.

ದಸರಾ ರಜೆಯಲ್ಲಿ ನಾನು ಊರಿನಲ್ಲಿದ್ದಾಗ ಚಾಚಾರ ಫೋನು ಬಂತು. ಆ ಇನ್ನೊಂದು ಕಾರು ಎದ್ದು ನಿಂತಿದೆಯಂತೆ. ಬಣ್ಣ ಇನ್ನೂ ಹೊಡೆದಿಲ್ಲ, ಕರಿಯ ಮೈಗೆ ನಮ್ಮ ಬೆಣ್ಣೆ ಬಣ್ಣದ ಬಾಗಿಲುಗಳು. ಗ್ಯಾರೇಜಿನ ಸುತ್ತ ಒಂದು ಸುತ್ತು ಓಡಿಸಿಯೂ ನೋಡಿದರಂತೆ. ಅವ್ವ ಪಕ್ಕದಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಎಲ್ಲ ಕೇಳಿಸಿಕೊಂಡು, ಕೈ ನಿಲ್ಲಿಸದೆ, "ಹಿಂದಿನ ಎಡಬಾಗಿಲು ಎರಡು ಸಲ ಬಡೀಬೇಕು ಅಂತ ಹೇಳಿದ್ಯಾ ಅವರಿಗೆ?" ಎಂದಳು.