ವಾರಾನ್ನದಿಂದ ಬಸ್ಸಿನವರೆಗೆ

1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾಗುವವರೆಗೆ ಲಕ್ಷ್ಮೇಶ್ವರದ ಬಳಿಯ ಯಳವತ್ತಿಯಂಥ ಊರಿನ ಹುಡುಗ ಪದವಿ ಓದಬೇಕೆಂದರೆ ಪುಣೆ, ಮುಂಬೈ ದಾರಿಯನ್ನೇ ಹಿಡಿಯಬೇಕಿತ್ತು. ರೊದ್ದ ಶ್ರೀನಿವಾಸರಾಯರು, ಅರಟಾಳ ರುದ್ರಗೌಡರು ಮೊದಲಾದವರ ಪಟ್ಟು ಸಡಿಲಿಸದ ದುಡಿಮೆಯಿಂದ ಕಾಲೇಜೇನೋ ಬಂತು. ಆದರೆ ಸೇರಿದವರು ಕೊನೆಯವರೆಗೆ ಉಳಿಯಬೇಕಲ್ಲ?

ಹುಡುಗರನ್ನು ಊರಿಗೆ ಮರಳಿಸುತ್ತಿದ್ದುದು ದಡ್ಡತನಕ್ಕಿಂತ ಹಸಿವು. ಅದಕ್ಕೆ ಸಮಾಜವೇ ಕಂಡುಕೊಂಡ ಉಪಾಯ ವಾರಾನ್ನ: ಸೋಮವಾರ ಒಬ್ಬರ ಮನೆಯಲ್ಲಿ ಊಟ, ಮಂಗಳವಾರ ಇನ್ನೊಬ್ಬರಲ್ಲಿ. ಉಪಕಾರವೇ ಸರಿ, ಆದರೆ ಜಾತಿಯ ಗೆರೆ ದಾಟದ ಉಪಕಾರ. ದಿನಕ್ಕೊಂದು ಹೊಸಿಲಲ್ಲಿ ನಿಲ್ಲುವ ಸಂಕೋಚವೂ ಜೊತೆಗಿತ್ತು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ಬೆಳೆಸಿದ ಉಚಿತ ಪ್ರಸಾದನಿಲಯ ಹಳ್ಳಿಯ ಬಡಮಕ್ಕಳಿಗೆ ಒಂದೇ ಸೂರಿನಡಿ ಅನ್ನ, ವಸತಿ ಕೊಟ್ಟಿತು. ಉತ್ತರ ಕರ್ನಾಟಕದ ಎಷ್ಟೋ ಪದವಿಗಳ ಹಿಂದೆ ಆ ನಿಲಯದ ಜೋಳದ ರೊಟ್ಟಿಯಿದೆ.

ಈ ನಡುವೆ, 1949ರಲ್ಲಿ, ಕರ್ನಾಟಕ ವಿಶ್ವವಿದ್ಯಾಲಯವೂ ಸ್ಥಾಪನೆಯಾಯಿತು. 1954ರಿಂದ 1967ರವರೆಗೆ ಕುಲಪತಿಯಾಗಿದ್ದ ಡಿ.ಸಿ. ಪಾವಟೆ ಅದನ್ನು ಕಟ್ಟಿ ನಿಲ್ಲಿಸಿದರು.

ಮಠ ತಲುಪದ ಮಕ್ಕಳ ಪ್ರಶ್ನೆ ಮಾತ್ರ ಉಳಿದೇ ಇತ್ತು. ಹಿಂದುಳಿದ ವರ್ಗಗಳ ಕುರಿತ ಎಲ್.ಜಿ. ಹಾವನೂರ ಆಯೋಗ 1975ರಲ್ಲಿ ವರದಿ ಕೊಟ್ಟಿತು. ಮುಖ್ಯಮಂತ್ರಿ ದೇವರಾಜ ಅರಸರ ಕಾಲದಲ್ಲಿ ಹಿಂದುಳಿದ ವರ್ಗಗಳ ಹಾಸ್ಟೆಲ್‌ಗಳಿಗೆ ಬಲ ಬಂತು. ಊಟ, ಹಾಸಿಗೆ ದಯೆಯಲ್ಲ, ಹಕ್ಕು ಎಂಬ ಈ ತಿರುವೇ ಇಡೀ ಕಥೆಯಲ್ಲಿ ದೊಡ್ಡದು.

ಇನ್ನು ದೂರ. ಕಾಲೇಜುಗಳು ಲಕ್ಷ್ಮೇಶ್ವರ, ಗದಗಕ್ಕೆ ಬಂದ ಮೇಲೂ ಬಸ್ಸಿನ ಖರ್ಚು ಹೆಣ್ಣುಮಕ್ಕಳ ಓದಿಗೆ ಅಡ್ಡಿಯಾಗಬಹುದಿತ್ತು. 2023ರ ಜೂನ್ 11ರಂದು ಜಾರಿಯಾದ, ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆಯಿಂದ ಆ ಖರ್ಚು ಮನೆಯ ಲೆಕ್ಕದಿಂದ ಹೊರಬಿತ್ತು. ಈಗ ಬೇಕಿರುವುದು ತರಗತಿಯ ಹೊತ್ತಿಗೆ ಸರಿಯಾಗಿ ಬರುವ ಬಸ್ಸು.