ಬೀದರಿನ ಪರದೇಶಿಗಳು

ಕನ್ನಡದಲ್ಲಿ ‘ಪರದೇಶಿ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಬೇರೆ ದೇಶದಿಂದ ಬಂದವನು ಎಂಬುದು ಒಂದು. ದಿಕ್ಕಿಲ್ಲದವನು, ಹೇಳುವವರು ಕೇಳುವವರು ಇಲ್ಲದವನು ಎಂಬುದು ಇನ್ನೊಂದು. ಮೊದಲನೆಯದು ನಿಘಂಟಿನ ಅರ್ಥ, ಎರಡನೆಯದು ನಮ್ಮ ತಾಯಂದಿರ ಬಾಯಿಯ ಅರ್ಥ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಇಂದಿಗೂ ಕೇಳಿಬರುವ ‘ಗರೀಬ’ ಎಂಬ ಶಬ್ದದ ಕಥೆಯೂ ಇದೇ ಬಗೆಯದು. ಅರಬ್ಬಿಯಲ್ಲಿ ಅದಕ್ಕೆ ಅಪರಿಚಿತ, ಪರಸ್ಥಳದವನು ಎಂದು ಅರ್ಥ. ಪಾರಸಿ, ಉರ್ದುಗಳ ದಾರಿಯಲ್ಲಿ ನಡೆದು ನಮ್ಮಲ್ಲಿಗೆ ಬರುವ ಹೊತ್ತಿಗೆ ಅದು ಬಡವ ಎಂದಾಯಿತು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಶಬ್ದಗಳು ಹೀಗೆ ಒಂದೇ ತೀರ್ಪನ್ನು ಕೊಟ್ಟಿವೆ: ನೆಲ ಬಿಟ್ಟವನ ಕೈಯಲ್ಲಿ ಏನೇ ಇರಲಿ, ಆತ ಬಡವನೇ. ಈ ತೀರ್ಪು ಸರಿಯೆ? ಹದಿನೈದನೆಯ ಶತಮಾನದ ಬೀದರಿನ ಚರಿತ್ರೆಯನ್ನು ಈ ಪ್ರಶ್ನೆಯೊಡನೆ ಓದಿ ನೋಡಬಹುದೆಂದು ನನಗೆ ತೋರುತ್ತದೆ.

ಆ ಶತಮಾನದ ಮೂರನೆಯ ದಶಕದಲ್ಲಿ ಬಹಮನಿ ಸುಲ್ತಾನ ಅಹಮದ್ ಶಹಾ ತನ್ನ ರಾಜಧಾನಿಯನ್ನು ಕಲಬುರ್ಗಿಯಿಂದ ಬೀದರಿಗೆ ಒಯ್ದನು. ಕೆಂಪು ಜಂಬಿಟ್ಟಿಗೆಯ ಎತ್ತರದ ಬಯಲು. ಗಾಳಿ ಚೆನ್ನು, ನೀರು ಆಳ. ಈ ಹೊಸ ರಾಜಧಾನಿಗೆ ಹೊಸ ಜನ ಬೇಕಾಗಿತ್ತು. ಇರಾನ್, ಇರಾಕ್, ತುರಾನ್‌ಗಳ ವರ್ತಕರು, ಸೈನಿಕರು, ಕವಿಗಳು, ಸೂಫಿ ಸಂತರು ಹೋರ್ಮುಜಿನಲ್ಲಿ ಹಡಗು ಹತ್ತಿ ದಾಭೋಳ, ಚೌಲ್ ಬಂದರುಗಳಲ್ಲಿ ಇಳಿದು, ಘಟ್ಟ ಹತ್ತಿ ಬೀದರಿಗೆ ಬಂದರು. ಇವರನ್ನು ‘ಆಫಾಕಿ’ಗಳೆಂದು, ಎಂದರೆ ದಿಗಂತದ ಕಡೆಯವರೆಂದು, ಕರೆದರು. ಅವರಿಗಿದ್ದ ಇನ್ನೊಂದು ಹೆಸರೇ ‘ಗರೀಬ’. ಇವರಿಗೆ ಎದುರಾಗಿ ನಿಂತವರು ‘ದಖನಿ’ಗಳು. ಈ ದಖನಿಗಳಲ್ಲಿ ಹಲವರ ಪೂರ್ವಿಕರು ಕೆಲವೇ ತಲೆಮಾರುಗಳ ಹಿಂದೆ ದಿಲ್ಲಿಯ ಕಡೆಯಿಂದ ಬಂದವರೆಂಬುದನ್ನು ಇಲ್ಲಿ ನೆನೆಯಬೇಕು. ಮೊದಲು ಬಂದ ಪರದೇಶಿ ಆಮೇಲೆ ಬಂದ ಪರದೇಶಿಯನ್ನು ಪರದೇಶಿಯೆಂದು ಕರೆಯುವುದು ಲೋಕದ ರೂಢಿ. ಬೀದರಿನಲ್ಲಿ ಅದು ಕರೆಯುವುದಕ್ಕೆ ಮುಗಿಯಲಿಲ್ಲ, ರಕ್ತಪಾತದವರೆಗೆ ಹೋಯಿತು. ಚಾಕಣದ ಕೋಟೆಯಲ್ಲಿ ಆಶ್ರಯ ಪಡೆದಿದ್ದ ಆಫಾಕಿಗಳನ್ನು ನಂಬಿಸಿ ಹೊರಗೆ ಕರೆದು ಕೊಂದದ್ದು ಈ ಕಾಲದ ಘಟನೆ.

ಅದಾದ ಕೆಲವೇ ವರ್ಷಗಳಲ್ಲಿ, 1453ರಲ್ಲಿ, ದಾಭೋಳದಲ್ಲಿ ಹಡಗಿನಿಂದ ಇಳಿದವನು ಮಹಮೂದ್ ಗವಾನ್. ಆಗ ಆತನಿಗೆ ನಲವತ್ತು ದಾಟಿತ್ತು. ಹುಟ್ಟಿದ್ದು ಗಿಲಾನ್ ಪ್ರಾಂತದ ಗವಾನ್ ಎಂಬ ಹಳ್ಳಿಯಲ್ಲಿ. ಮುಂದೆ ಕ್ಯಾಸ್ಪಿಯನ್ ಸಮುದ್ರ, ಹಿಂದೆ ಹಿಮ ಹೊತ್ತ ಎಲ್ಬುರ್ಜ್ ಪರ್ವತ, ನಡುವೆ ಕಾಡು, ಭತ್ತದ ಗದ್ದೆ, ಹಿಪ್ಪುನೇರಳೆಯ ತೋಟ. ಅದು ಮಂಜು ಮಳೆಗಳ ನಾಡು. ಗಿಲಾನಿನ ಅರಸರಲ್ಲಿ ಮಂತ್ರಿಪದವಿ ನಡೆಸಿದ ಮನೆತನ ಆತನದು. ದರ್ಬಾರಿನ ಒಳಸಂಚುಗಳಿಂದ ಊರಿನಲ್ಲಿ ನಿಲ್ಲುವಂತಿರದೆ ವ್ಯಾಪಾರವನ್ನು ನೆಚ್ಚಿ ಹೊರಟವನು. ಬೀದರಿನಲ್ಲಿ ನೆಲಸಿದ್ದ ಕಿರ್ಮಾನಿನ ಸಂತ ಮನೆತನದ ಶಾಹ ಮುಹಿಬ್ಬುಲ್ಲಾನ ದರ್ಶನ ಪಡೆದು ದಿಲ್ಲಿಗೆ ಹೋಗುವುದು ಆತನ ಉದ್ದೇಶವಾಗಿತ್ತು. ಸುಲ್ತಾನ ಎರಡನೆಯ ಅಲಾವುದ್ದೀನ್ ಆತನನ್ನು ಹೋಗಗೊಡಲಿಲ್ಲ. ನಾಲ್ಕು ದಿನದ ತಂಗುದಾಣ ಇಪ್ಪತ್ತೆಂಟು ವರ್ಷಗಳ ಊರಾಯಿತು.

ಮುಂದಿನದು ಶಾಲೆಯ ಪುಸ್ತಕಗಳಲ್ಲಿ ಇರುವ ಸಂಗತಿ. ಗವಾನ್ ‘ಮಲಿಕ್-ಉತ್-ತುಜ್ಜಾರ್’, ವರ್ತಕರ ಒಡೆಯ, ಎಂಬ ಬಿರುದು ಪಡೆದು ಪ್ರಧಾನಿಯಾದನು. 1472ರಲ್ಲಿ ಗೋವೆಯನ್ನು ಗೆದ್ದನು. ನಾಲ್ಕು ಪ್ರಾಂತಗಳನ್ನು ಎಂಟು ಮಾಡಿ, ಒಬ್ಬ ಪ್ರಾಂತಾಧಿಪತಿಯ ಕೈಯಲ್ಲಿ ಒಂದೇ ಕೋಟೆ ಉಳಿಯುವಂತೆ ಕಟ್ಟು ಮಾಡಿದನು. ಪ್ರಾಂತಗಳನ್ನು ಹಂಚುವಾಗ ದಖನಿಗಳಿಗೂ ಆಫಾಕಿಗಳಿಗೂ ತಕ್ಕಡಿ ಹಿಡಿದಂತೆ ಸಮನಾಗಿ ಕೊಟ್ಟನು. 1472ರಲ್ಲಿ ಪೂರ್ಣಗೊಂಡ ಆತನ ಮದರಸಾ ಮೂರು ಅಂತಸ್ತಿನ ಕಟ್ಟಡ; 205 ಅಡಿ ಉದ್ದ, 180 ಅಡಿ ಅಗಲ. ಗ್ರಂಥಾಲಯದಲ್ಲಿ ಮೂರು ಸಾವಿರ ಹೊತ್ತಗೆಗಳಿದ್ದವೆಂದು ಹೇಳುತ್ತಾರೆ. ಹೆರಾತಿನ ಮಹಾಕವಿ ಜಾಮಿಗೆ ಓಲೆ ಬರೆದು ಬೀದರಿಗೆ ಬರಬೇಕೆಂದು ಬೇಡಿಕೊಂಡನು. ಜಾಮಿ ಉತ್ತರ ಬರೆದನೇ ಹೊರತು ಬರಲಿಲ್ಲ. ಗಿಲಾನಿನ ಅರಸರಿಗೂ ಬಂಧುಗಳಿಗೂ ಗವಾನ್ ಬರೆದ ಓಲೆಗಳು ‘ರಿಯಾಜ್-ಉಲ್-ಇನ್ಶಾ’ ಎಂಬ ಸಂಕಲನದಲ್ಲಿ ಉಳಿದಿವೆ. ಮದರಸಾದ ಗೋಡೆಯ ಮೇಲೆ ಅಳಿದುಳಿದ ನೀಲಿ, ಹಳದಿ, ಬಿಳಿಯ ಹೊಳಪು ಹೆಂಚುಗಳನ್ನು ನೋಡುವಾಗಲೆಲ್ಲ, ಆ ಕೆಂಪು ನೆಲದ ನಡುವೆ ಅವೂ ತವರಿಗೆ ಬರೆದ ಓಲೆಗಳೇ ಎಂದು ನನಗೆ ಅನ್ನಿಸಿದೆ.

ಗವಾನ್ ವೈಭವದ ನೆತ್ತಿಯಲ್ಲಿದ್ದ ಕಾಲದಲ್ಲೇ ಇನ್ನೊಬ್ಬ ಪರದೇಶಿ ಬೀದರಿಗೆ ಬಂದನು. ಈತ ನಿಜವಾಗಿ ಹಿಮದ ನಾಡಿನವನು. ವೋಲ್ಗಾ ನದಿಯ ಮೇಲ್ದಂಡೆಯ ತ್ವೇರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನ್. 1460ರ ದಶಕದ ಉತ್ತರಾರ್ಧದಲ್ಲಿ ಊರು ಬಿಟ್ಟನು. ಆಸ್ತ್ರಾಖಾನಿನ ಬಳಿ ತಾರ್ತರರು ಸುಲಿದರು. ಸರಕಿನೊಂದಿಗೆ ಆತ ತಂದಿದ್ದ ಧರ್ಮಗ್ರಂಥಗಳೂ ಹೋದವು. ಮಾರಲೆಂದು ಒಂದು ಕುದುರೆಯನ್ನು ಹಡಗಿನಲ್ಲಿ ತಂದು ಚೌಲಿನಲ್ಲಿ ಇಳಿದು, ಜುನ್ನರದ ಮಾರ್ಗವಾಗಿ ಬೀದರಿಗೆ ಬಂದು, ಅಲ್ಲಿ ಅದನ್ನು ಮಾರಿದನು.

ನಿಕಿತಿನ್ ಬರೆದಿಟ್ಟ ಟಿಪ್ಪಣಿಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಒಂದು ಸಣ್ಣ ಸಂಗತಿ. ಜುನ್ನರದಲ್ಲಿ ಕಂಡ ಮಳೆಗಾಲವನ್ನು ಆತ ‘ಚಳಿಗಾಲ’ವೆಂದು ಕರೆಯುತ್ತಾನೆ. ಹಗಲಿರುಳೂ ನೀರು ಕೆಸರು; ಜನ ಆ ‘ಚಳಿಗಾಲ’ದಲ್ಲೇ ಉತ್ತು ಬಿತ್ತುತ್ತಾರೆಂದು ಬೆರಗುಪಡುತ್ತಾನೆ. ಮನೆಯೊಳಗೆ ಕೂಡಿಹಾಕುವ ಕಾಲಕ್ಕೆ ಆತನ ನುಡಿಯಲ್ಲಿದ್ದ ಹೆಸರು ಅದೊಂದೇ. ಆತ ಗಡಿಗಳನ್ನು ದಾಟಿ ಬಂದಿದ್ದರೂ ಋತುಗಳು ಊರಿನವೇ ಆಗಿ ಉಳಿದಿದ್ದವು. ಸೆಕೆಯ ವಿಷಯದಲ್ಲಿ ಮಾತ್ರ ಆತ ಉದಾರಿ: ಹೋರ್ಮುಜಿನ ಬಿಸಿಲು ಮನುಷ್ಯನನ್ನು ಸುಡುವಂಥದು, ಹಿಂದೂಸ್ತಾನದ್ದು ಅಷ್ಟಿಲ್ಲ ಎನ್ನುತ್ತಾನೆ.

ಇದು ನನಗೆ ಪುಸ್ತಕದಿಂದಷ್ಟೇ ತಿಳಿದ ಮಾತಲ್ಲ. ನಾನು ಮಲೆನಾಡಿನವನು, ಅಧ್ಯಾಪಕನಾಗಿ ಬೀದರಿನ ಸೀಮೆಗೆ ಹೋದ ಮೊದಲ ವರ್ಷ ಮೃಗಶಿರ, ಆರಿದ್ರಾ ಮಳೆಗಳ ಲೆಕ್ಕ ಹಿಡಿದು ಆಕಾಶ ನೋಡುತ್ತಿದ್ದೆ. ಬಂದದ್ದು ಎರಡು ಹದ ಮಳೆ. ಮನೆಯ ಯಜಮಾನರು, “ಇಷ್ಟ ಸಾಕ್ರೀ ಸರ, ತೊಗರಿಗೆ ಇದಕ್ಕಿಂತ ಹೆಚ್ಚು ಬ್ಯಾಡ” ಎಂದು ಸಂತೋಷದಿಂದ ಹೇಳಿದಾಗ, ಒಂದೇ ಪಂಚಾಂಗ ಎರಡು ಊರುಗಳಲ್ಲಿ ಒಂದೇ ಆಗಿರುವುದಿಲ್ಲವೆಂಬುದು ನನಗೆ ತಿಳಿಯಿತು.

ನಿಕಿತಿನ್‌ಗಾದರೋ ಪಂಚಾಂಗವೇ ಕಳೆದುಹೋಗಿತ್ತು. ಗ್ರಂಥಗಳಿಲ್ಲದೆ ಈಸ್ಟರ್ ಹಬ್ಬ ಯಾವ ದಿನವೆಂದು ಆತನಿಗೆ ಗೊತ್ತಾಗಲಿಲ್ಲ. ಊಹೆಯಿಂದ ಉಪವಾಸ ಹಿಡಿದನು. ಬೀದರಿನ ಇರುಳಿನಲ್ಲಿ ಕೃತ್ತಿಕೆ ಎಲ್ಲಿದೆ, ಸಪ್ತರ್ಷಿಮಂಡಲದ ತಲೆ ಯಾವ ಕಡೆಗಿದೆ ಎಂದು ನೋಡಿ ಬರೆದುಕೊಂಡನು. ಹಬ್ಬದ ದಿನ ಮರೆತುಹೋಗುವುದಕ್ಕಿಂತ ದೊಡ್ಡ ಪರದೇಶಿತನ ಯಾವುದಿದೆ?

ಆದರೆ ಈ ದಿಕ್ಕುಗೆಟ್ಟವನ ಕಣ್ಣು ಚುರುಕಾಗಿತ್ತು. ಆತ ‘ಮೆಲಿಕ್ ತುಚಾರ್’ ಎಂದು ಬರೆಯುವುದು ನಮ್ಮ ಗವಾನನನ್ನೇ. ಆತನ ಲಾಯದಲ್ಲಿ 2000 ಕುದುರೆಗಳು. ಅವುಗಳಲ್ಲಿ ಸಾವಿರಕ್ಕೆ ಹಗಲಿರುಳೂ ಜೀನು ಬಿಗಿದೇ ಇರುತ್ತದೆ. ಜೊತೆಗೆ ನೂರು ಆನೆ. ಆಳುವವರೆಲ್ಲ ಖೊರಾಸಾನಿನವರೆಂದು ಗುರುತಿಸಿ, ಅದೇ ಉಸಿರಿನಲ್ಲಿ ಇನ್ನೊಂದು ಮಾತನ್ನೂ ಆತ ಬರೆದಿದ್ದಾನೆ: ಸರದಾರರು ಬಹಳ ಸಿರಿವಂತರು, ಹಳ್ಳಿಯ ಜನ ಬಹಳ ಬಡವರು. ಇದನ್ನು ಓದಿದಾಗ ನಾವು ಆರಂಭದಲ್ಲಿ ನೋಡಿದ ಶಬ್ದ ತಲೆಕೆಳಗಾಗುತ್ತದೆ. ‘ಗರೀಬ’ರೆಂಬ ಹೆಸರಿನವರು ಕುದುರೆಯ ಮೇಲಿದ್ದರು. ಹೊಲದಲ್ಲಿ ಬರಿಮೈಯಲ್ಲಿ ನಿಂತಿದ್ದ ಕನ್ನಡ, ತೆಲುಗು, ಮರಾಠಿ ರೈತ ತನ್ನ ನೆಲದಲ್ಲೇ ಗರೀಬನಾಗಿದ್ದನು. ದಖನಿ, ಆಫಾಕಿಗಳ ಜಗಳದಲ್ಲಿ ಆತನ ಹೆಸರು ಎಲ್ಲಿಯೂ ಬರುವುದಿಲ್ಲ. ನಮ್ಮ ಚರಿತ್ರಕಾರರು ಮರೆತದ್ದನ್ನು ಹಬ್ಬದ ದಿನ ಮರೆತಿದ್ದ ಪರದೇಶಿಯೊಬ್ಬ ಬರೆದಿಟ್ಟನು.

ಇಬ್ಬರ ಕೊನೆಯನ್ನೂ ಹೇಳಬೇಕು. ಗವಾನನ ಮುದ್ರೆಯಿದ್ದ ಖಾಲಿ ಕಾಗದವನ್ನು ವಿರೋಧಿಗಳು ಸಂಪಾದಿಸಿ, ರಾಜ್ಯದ ಮೇಲೆ ದಂಡೆತ್ತಿ ಬರುವಂತೆ ಒರಿಸ್ಸಾದ ಅರಸನಿಗೆ ಆತನೇ ಬರೆದಂತೆ ಒಂದು ಪತ್ರವನ್ನು ಸೃಷ್ಟಿಸಿದರು. ಸುಲ್ತಾನ ಮೂರನೆಯ ಮಹಮ್ಮದ್ ಶಹಾ ವಿಚಾರಣೆಯಿಲ್ಲದೆ, ಪಾನಮತ್ತನಾಗಿ, ಆಜ್ಞೆ ಕೊಟ್ಟನು. 1481ರ ಏಪ್ರಿಲ್ 5ರಂದು ಎಪ್ಪತ್ತರ ಮುದುಕ ಗವಾನನ ತಲೆ ಉರುಳಿತು. ಬರವಣಿಗೆಯ ಕಲೆಯ ಮೇಲೆ ಗ್ರಂಥ ಬರೆದವನನ್ನು ಬರೆಯದ ಪತ್ರವೊಂದು ಕೊಂದಿತು. ಸಂಪತ್ತನ್ನು ಎಣಿಸಲು ಹೋದವರಿಗೆ ಆತನ ಸ್ವಂತ ಖಜಾನೆಯಲ್ಲಿ ಹೆಚ್ಚೇನೂ ಸಿಗಲಿಲ್ಲ. ಆತ ಮಲಗುತ್ತಿದ್ದುದು ಚಾಪೆಯ ಮೇಲೆ, ಉಣ್ಣುತ್ತಿದ್ದುದು ಮಣ್ಣಿನ ಪಾತ್ರೆಯಲ್ಲಿ ಎಂದು ಫೆರಿಸ್ತಾ ಹೇಳುತ್ತಾನೆ. ಮರುವರ್ಷವೇ ಸುಲ್ತಾನನೂ ತೀರಿಕೊಂಡನು. ಮುಂದೆ ರಾಜ್ಯ ಐದು ಹೋಳಾಯಿತು. ನಿಕಿತಿನ್ ಊರಿಗೆ ಹೊರಟನು. ಹೋರ್ಮುಜ್, ತಬ್ರೀಜ್, ಕಪ್ಪು ಸಮುದ್ರ ದಾಟಿದನು. ಸ್ಮೊಲೆನ್ಸ್ಕ್ ತಲುಪುವ ಮೊದಲೇ ದಾರಿಯಲ್ಲಿ ಸತ್ತನು. ಆತನ ಟಿಪ್ಪಣಿಗಳು 1475ರಲ್ಲಿ ಮಾಸ್ಕೋ ಸೇರಿದವು. ನಿಂತವನಿಗೂ ಊರು ಪೂರ್ತಿಯಾಗಿ ದಕ್ಕಲಿಲ್ಲ, ಹೊರಟವನಿಗೂ ದಕ್ಕಲಿಲ್ಲ.

ಹಾಗಾದರೆ ಉಳಿದದ್ದೇನು? ಮದರಸಾದ ಒಂದು ಭಾಗ 1696ರ ಸ್ಫೋಟದಲ್ಲಿ ಕುಸಿಯಿತು; ಉಳಿದ ಒಂದು ಮಿನಾರು ಇಂದಿಗೂ ನಿಂತಿದೆ. ಅದಕ್ಕಿಂತ ಹೆಚ್ಚಾಗಿ ಉಳಿದದ್ದು ಕಣ್ಣಿಗೆ ಕಾಣದ ಒಂದು ವಸ್ತು, ನೀರು. ಜಂಬಿಟ್ಟಿಗೆಯ ಅಡಿಯಲ್ಲಿ ಇಳಿಜಾರಾಗಿ ಸುರಂಗ ಕೊರೆದು, ನಡುನಡುವೆ ಗಾಳಿಬಾವಿ ತೋಡಿ, ಆಳದ ನೀರನ್ನು ಊರಿಗೆ ಹರಿಸುವ ಇರಾನಿನ ವಿದ್ಯೆ ಈ ಪರದೇಶಿಗಳೊಡನೆ ಬಂತು. ನೌಬಾದಿನಲ್ಲಿ ಅದನ್ನು ಈಗಲೂ ನೋಡಬಹುದು. ಪಾರಸಿಯಲ್ಲಿ ಅದಕ್ಕೆ ‘ಕರೇಜ್’ ಎಂದು ಹೆಸರು. ನಮ್ಮ ಜನ ಅದನ್ನು ‘ಸುರಂಗ ಬಾವಿ’ ಎಂದು ಕರೆದು ತಮ್ಮದಾಗಿ ಮಾಡಿಕೊಂಡರು. ಭಾಷೆಯ ವಿದ್ಯಾರ್ಥಿಯಾಗಿ ನಾನು ಇಷ್ಟನ್ನು ಸೇರಿಸಬೇಕು: ‘ಬಾವಿ’ ಸಂಸ್ಕೃತದ ‘ವಾಪಿ’ಯಿಂದ ಬಂದದ್ದು, ‘ಸುರಂಗ’ವು ಗ್ರೀಕಿನ ‘ಸಿರಿಂಕ್ಸ್’ ಎಂಬ ಶಬ್ದದಿಂದ ಸಂಸ್ಕೃತಕ್ಕೆ, ಅಲ್ಲಿಂದ ನಮ್ಮಲ್ಲಿಗೆ ಬಂದದ್ದೆಂದು ವಿದ್ವಾಂಸರ ಅಭಿಪ್ರಾಯ. ಪರದೇಶದ ನೀರಿಗೆ ನಾವಿಟ್ಟ ಅಚ್ಚ ನಮ್ಮ ಹೆಸರಿನಲ್ಲಿ ಎರಡು ಪದಗಳಿವೆ, ಎರಡೂ ಪರದೇಶಿಗಳೇ. ಬಾಯಾರಿ ಬಂದವರು ಯಾರೂ ಆ ನೀರಿನ ಕುಲವನ್ನು ಕೇಳಿದಂತಿಲ್ಲ.